ಐದು ವೋಲ್ಟಿನಿಂದ ಇಳಿದ ಪ್ರೊಸೆಸರ್: ಹಳೆಯ ಮದರ್‌ಬೋರ್ಡುಗಳ ಹೊಂದಾಣಿಕೆಯ ಚರಿತ್ರೆ

ಭಿವಂಡಿ, ಕಲ್ಯಾಣ, ಡೊಂಬಿವಲಿಯವರಿಗೆ ಕರೆಂಟಿನ ಚರಿತ್ರೆ ಎಂದರೆ ಲೋಡ್ ಶೆಡ್ಡಿಂಗಿನ ಚರಿತ್ರೆ. ಪವರ್‌ಲೂಮುಗಳ ಊರಾದ ಭಿವಂಡಿಯಲ್ಲಿ 2007ರಲ್ಲಿ ವಿದ್ಯುತ್ ವಿತರಣೆಯನ್ನೇ ಟೊರೆಂಟ್ ಪವರ್ ಕಂಪನಿಗೆ ವಹಿಸಿಕೊಡಬೇಕಾಯಿತು. ಹಾಗಾಗಿ ಕಂಪ್ಯೂಟರ್ ಕೆಟ್ಟಾಗ ಬೈಗುಳವೂ ಹೊರಗಿನ ಲೈನಿಗೇ ಸಲ್ಲುವುದು ಸಹಜ. ಆದರೆ 230 ವೋಲ್ಟಿನ ಸಾಮಾನ್ಯ ಏರಿಳಿತವನ್ನು ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಯಾವ ಬೋರ್ಡಿಗೆ ಯಾವ ಪ್ರೊಸೆಸರ್ ಎಂಬುದನ್ನು ತೀರ್ಮಾನಿಸಿದ್ದು ಸಾಕೆಟ್ಟಿನ ಪಕ್ಕದಲ್ಲಿ ಪ್ರೊಸೆಸರಿಗೆ ಬೇಕಾದಷ್ಟಕ್ಕೆ ವೋಲ್ಟೇಜ್ ಇಳಿಸಿಕೊಡುವ ರೆಗ್ಯುಲೇಟರ್. ಸಾಕೆಟ್ಟಿನಲ್ಲಿ ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎನ್ನಲಾಗದು.

1978ರ 8086ರಿಂದ 486ರ ಮೊದಲ ತಲೆಮಾರಿನವರೆಗೆ ಈ ತಕರಾರು ಇರಲಿಲ್ಲ. ಚಿಪ್‌ಗೆ ಬೇಕಾದ 5 ವೋಲ್ಟನ್ನು ಎಸ್‌ಎಂಪಿಎಸ್ ನೇರವಾಗಿ ಕೊಡುತ್ತಿತ್ತು. 1993ರ ಪೆಂಟಿಯಂ 66 ಇದೇ 5 ವೋಲ್ಟಿನಲ್ಲಿ ಗರಿಷ್ಠ 16 ವಾಟ್ ಎಳೆಯತೊಡಗಿದಾಗ ಇಂಟೆಲ್ ದಾರಿ ಬದಲಿಸಿತು. ಚಿಪ್‌ನ ವಿದ್ಯುತ್ ವೆಚ್ಚ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದು, 5ರಿಂದ 3.3ಕ್ಕೆ ಇಳಿಸಿದರೆ ಅದೇ ವೇಗಕ್ಕೆ ಅರ್ಧಕ್ಕಿಂತ ಕಡಿಮೆ ಸಾಕು. ಮರುವರ್ಷದ ಪೆಂಟಿಯಂ 100, ವೇಗ ಹೆಚ್ಚಿದ್ದರೂ 10 ವಾಟ್‌ನಲ್ಲಿ ನಡೆಯಿತು. ಬೆಲೆ ತೆತ್ತವರು ಮೊದಲ ಪೆಂಟಿಯಂ ಬೋರ್ಡು ಕೊಂಡವರು: ಅವರ ಸಾಕೆಟ್ 4ರಲ್ಲಿ ಹೊಸ ಚಿಪ್ ಕೂರುವಂತೆಯೇ ಇರಲಿಲ್ಲ. 486ರವರ ಪಾಡು ತುಸು ಮೇಲು: ಅವರ ಬೋರ್ಡಿಗೆಂದೇ 1995ರ ಪೆಂಟಿಯಂ ಓವರ್‌ಡ್ರೈವ್ ಬೆನ್ನ ಮೇಲೆ ತನ್ನದೇ ರೆಗ್ಯುಲೇಟರ್ ಹೊತ್ತು ಬಂತು.

ನಿಜವಾದ ಗೊಂದಲ ಶುರುವಾದದ್ದು 1997ರ ಜನವರಿಯಲ್ಲಿ, ಪೆಂಟಿಯಂ ಎಂಎಂಎಕ್ಸ್‌ನೊಂದಿಗೆ. ಅದರ ಒಳಭಾಗಕ್ಕೆ 2.8 ವೋಲ್ಟ್, ಹೊರಗಿನ ಸಂಪರ್ಕಕ್ಕೆ 3.3. ಒಂದೇ ವೋಲ್ಟೇಜಿನ ಹಳೆಯ ಬೋರ್ಡಿನಲ್ಲೂ ಅದು ಕೂರುತ್ತಿತ್ತು, ಕೆಲವೊಮ್ಮೆ ಓಡಿಯೂ ಬಿಡುತ್ತಿತ್ತು, ವಿಪರೀತ ಕಾವಿನಲ್ಲಿ. ಅದೇ ವರ್ಷದ ಎಎಂಡಿ ಕೆ6-233 ಕೇಳಿದ್ದು 3.2 ವೋಲ್ಟ್, 1998ರ ಕೆ6-2 ಸಾಮಾನ್ಯವಾಗಿ 2.2. ಹೀಗೆ ಸಾಕೆಟ್ 7 ಎಂಬ ಒಂದೇ ಹೆಸರಿನಡಿ ಹಲವು ವೋಲ್ಟೇಜುಗಳು ಸೇರಿಕೊಂಡವು. ಆಯ್ಕೆಯೆಲ್ಲ ಬೋರ್ಡಿನ ಪಿನ್ನುಗಳನ್ನು ಜೋಡಿಸುವ ಪುಟ್ಟ ಜಂಪರಿನ ಮೇಲೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಬಿಡಿಭಾಗ ತಂದು ‘ಅಸೆಂಬಲ್ಡ್’ ಕಂಪ್ಯೂಟರ್ ಕಟ್ಟುವವರಿಗೆ ಇಂಚಿನ ಹತ್ತನೇ ಒಂದು ಭಾಗದಷ್ಟು ಅಂತರದ ಆ ಪಿನ್ನುಗಳೇ ಪರೀಕ್ಷೆ.

ಜಂಪರ್ ಸರಿಯಿದ್ದರೂ ಆಂಪಿಯರ್ ಸಾಲದೆ ಹೋಗಬಹುದು. ಕೆ6-233ರ ಗರಿಷ್ಠ ವೆಚ್ಚ 28 ವಾಟ್, ಅಂದರೆ ಸುಮಾರು 9 ಆಂಪಿಯರ್. ಅಗ್ಗದ ಬೋರ್ಡುಗಳಲ್ಲಿದ್ದ ಲೀನಿಯರ್ ರೆಗ್ಯುಲೇಟರ್ 5 ವೋಲ್ಟನ್ನು 3.2ಕ್ಕೆ ಇಳಿಸುವುದು ಉಳಿದ 1.8 ವೋಲ್ಟನ್ನು ಶಾಖವಾಗಿ ಸುಟ್ಟು; 9 ಆಂಪಿಯರಿಗೆ ಅದು 16 ವಾಟ್. ಒಂದಿಡೀ ಪೆಂಟಿಯಂ 66 ಉಣ್ಣುತ್ತಿದ್ದಷ್ಟು ವಿದ್ಯುತ್ತು ಇಲ್ಲಿ ಬರಿಯ ಬಿಸಿ! ಸುರುಳಿ, ಕೆಪಾಸಿಟರುಗಳ ಸ್ವಿಚಿಂಗ್ ರೆಗ್ಯುಲೇಟರ್ ಇದ್ದ ಬೋರ್ಡಿಗೆ ತುಸು ಹೆಚ್ಚು ಕೊಟ್ಟವರೇ ಜಾಣರು ಎಂದು ಈಗ ಧಾರಾಳವಾಗಿ ಹೇಳಬಹುದು.

ಪೆಂಟಿಯಂ 2ರ ಹೊತ್ತಿಗೆ ಜಂಪರಿನ ಕಾಟ ತಗ್ಗಿತು. ತನಗೆಷ್ಟು ವೋಲ್ಟ್ ಬೇಕೆಂದು ಪ್ರೊಸೆಸರೇ ಪಿನ್ನುಗಳ ಮೂಲಕ ಬೋರ್ಡಿಗೆ ತಿಳಿಸತೊಡಗಿತು. ಕೇಳಿದ್ದನ್ನು ಕೊಡುವ ಶಕ್ತಿ ಬೋರ್ಡಿಗಿರಬೇಕು, ಅಷ್ಟೆ. 2001ರ ಇಂಟೆಲ್ ಟ್ಯುಅಲಾಟಿನ್ ಚಿಪ್‌ಗಳು ಮೊದಲೇ ಬಳಕೆಯಲ್ಲಿದ್ದ ಸಾಕೆಟ್ 370ಕ್ಕೇ ಬಂದರೂ ಹಿಂದಿನ ಬೋರ್ಡುಗಳಲ್ಲಿ ಮಾರ್ಪಾಡಿಲ್ಲದೆ ನಡೆಯಲಿಲ್ಲ.

ಈ ಚರಿತ್ರೆಯ ಮುಖ್ಯ ಆಧಾರ ಬೋರ್ಡಿನ ಜೊತೆ ಬರುತ್ತಿದ್ದ ತೆಳು ಕೈಪಿಡಿ; ಜಂಪರ್ ಪಟ್ಟಿ ಅದರಲ್ಲಿರುತ್ತದೆ. ಥಾಣೆಯಲ್ಲೋ ನವಿ ಮುಂಬಯಿಯಲ್ಲೋ ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.