ಕೈಯಲ್ಲಿದ್ದ ಉಸಿರು

ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವನ್ನೂ ಎಣಿಸುವ ಜೈನಶಾಸ್ತ್ರವು ಪ್ರಮಾದವನ್ನು ಹಿಂಸೆಯ ಮೂಲವೆಂದಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯವಿದ್ಯಾರ್ಥಿಗಳು ಈ ಮಾತನ್ನು ಕೇಳಿದವರಲ್ಲ. 1952ರ ಪೋಲಿಯೋ ಪಿಡುಗು ಅವರಿಗೆ ಅದನ್ನೇ ಕಲಿಸಿತು.

ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ವಾರಗಳಲ್ಲಿ ಉಸಿರಾಟ ಕುಸಿದ 31 ರೋಗಿಗಳ ಪೈಕಿ 27 ಮಂದಿ ಅಸುನೀಗಿದ್ದರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಶ್ವಾಸನಾಳವನ್ನು ತೆರೆದು ಕೊಳವೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬುವ ಕ್ರಮವನ್ನು ತೋರಿಸಿದರು. ಯಂತ್ರಗಳು ಸಾಲದೆ, ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಚೀಲ ಒತ್ತಿದರು. ಎದೆಯ ಏರಿಳಿತ, ಮೊಗದ ಬಣ್ಣಗಳನ್ನು ನೋಡಿಯೇ ಉಸಿರು ಸಾಲುವುದೋ ಇಲ್ಲವೋ ಎಂದು ತಿಳಿಯಬೇಕಿತ್ತು. ಅವರಿಗೆ ಸಂಭಾವನೆ ದೊರೆಯುತ್ತಿತ್ತು, ನಿಜ; ಆದರೆ ತಾನು ತೂಕಡಿಸಿದರೆ ಎದುರಿನ ಜೀವ ಹೋಗುವುದೆಂಬ ಎಚ್ಚರ ಹಣದಿಂದ ಬರುವಂಥದಲ್ಲ. ಬರಬರುತ್ತ ಮರಣಪ್ರಮಾಣವು ಸುಮಾರು ಕಾಲುಭಾಗಕ್ಕೆ ಇಳಿಯಿತು. ಆದರೂ ಕೆಲವರು ವಿದ್ಯಾರ್ಥಿಯು ಚೀಲ ಒತ್ತುತ್ತಿದ್ದಂತೆಯೇ ತೀರಿಕೊಂಡರು.