ಲೂಥರನ್ ಯುವ ಸಮಾವೇಶ

ಅಮೆರಿಕದ ಇವಾಂಜೆಲಿಕಲ್ ಲೂಥರನ್ ಚರ್ಚು (ಇಎಲ್‌ಸಿಎ) ಮೂರು ವರ್ಷಕ್ಕೊಮ್ಮೆ ನಡೆಸುವ ಹದಿಹರೆಯದವರ ಮಹಾಕೂಟ. ಪ್ರೌಢಶಾಲೆಯ ವಯಸ್ಸಿನ ಹುಡುಗ ಹುಡುಗಿಯರು ತಂತಮ್ಮ ಊರಿನ ಸಭೆಗಳಿಂದ ಹಿರಿಯರ ಜೊತೆ ಹೊರಟು, ಬೇಸಗೆ ರಜೆಯಲ್ಲಿ ಯಾವುದಾದರೊಂದು ದೊಡ್ಡ ನಗರದಲ್ಲಿ ಐದು ದಿನ ಸೇರುತ್ತಾರೆ. ಸಂಜೆ ಕ್ರೀಡಾಂಗಣದಲ್ಲಿ ಆರಾಧನೆ, ಹಾಡು, ಭಾಷಣ. ಹಗಲಿನಲ್ಲಿ ಬೈಬಲ್ ಅಧ್ಯಯನ, ಚರ್ಚೆ ಮತ್ತು ಆ ನಗರದ ಬೀದಿಗಳಲ್ಲಿ ಸೇವೆ. ಅಮೆರಿಕದ ಇನ್ನೊಂದು ದೊಡ್ಡ ಲೂಥರನ್ ಪಂಗಡವಾದ ಮಿಸ್ಸೌರಿ ಸಿನಡ್ 1980ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಆರಂಭಿಸಿದ ಯುವ ಸಮಾವೇಶ ಇದಕ್ಕಿಂತ ಬೇರೆ. ಅದೂ ಮೂರು ವರ್ಷಕ್ಕೊಮ್ಮೆ ನಡೆಯುವುದರಿಂದ ಎರಡನ್ನೂ ಒಂದೆಂದು ತಿಳಿಯುವುದುಂಟು.

ಲೂಥರನ್ ಯುವಜನರು ಹೀಗೆ ಕೂಡುವ ಪದ್ಧತಿ ಇಎಲ್‌ಸಿಎಗಿಂತ ಹಳೆಯದು. ಲೂಥರ್ ಲೀಗ್ ಎಂಬ ಯುವಜನ ಸಂಘ 1895ರಲ್ಲೇ ಹುಟ್ಟಿತ್ತು. ಮೂರು ಲೂಥರನ್ ಪಂಗಡಗಳು ಒಂದಾಗಿ 1988ರ ಜನವರಿ 1ರಂದು ಇಎಲ್‌ಸಿಎ ಕಾರ್ಯಾರಂಭ ಮಾಡಿತು. ಅದೇ ವರ್ಷ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮೊದಲ ಸಮಾವೇಶ ಸೇರಿತು. ಮುಂದೆ ಡಲಾಸ್, ಅಟ್ಲಾಂಟಾ, ನ್ಯೂ ಆರ್ಲಿಯನ್ಸ್, ಸೇಂಟ್ ಲೂಯಿಸ್ ನಗರಗಳಿಗೆ ಸರದಿ ಬಂತು.

ವಿಶ್ವಾಸ ಮತ್ತು ಸೇವೆ ಇಲ್ಲಿ ಒಟ್ಟಿಗೆ ಬರುವುದಕ್ಕೆ ಮಾರ್ಟಿನ್ ಲೂಥರನ ಬೋಧನೆಯೇ ಕಾರಣ. ಮನುಷ್ಯ ತನ್ನ ಸತ್ಕಾರ್ಯಗಳಿಂದ ರಕ್ಷಣೆಯನ್ನು ಗಳಿಸಿಕೊಳ್ಳಲಾರ, ಅದು ದೇವರ ಕೃಪೆಯಿಂದ ವಿಶ್ವಾಸದ ಮೂಲಕ ದೊರೆಯುವಂಥದು ಎಂದು ಅವನು ಸಾರಿದ. ರಕ್ಷಣೆಯ ಚಿಂತೆಯಿಂದ ಬಿಡುಗಡೆ ಪಡೆದವನ ಕೈಗಳು ನೆರೆಯವನ ಕೆಲಸಕ್ಕೆ ಒದಗಬೇಕು ಎಂಬುದು 1520ರಲ್ಲಿ ಅವನು ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದ ಕಿರುಹೊತ್ತಗೆಯ ತಿರುಳು. ಆದ್ದರಿಂದ ಸಮಾವೇಶದ ಮಕ್ಕಳು ಪುಣ್ಯ ಸಂಪಾದನೆಗೆಂದು ಗೋಡೆಗೆ ಬಣ್ಣ ಬಳಿಯುವುದಿಲ್ಲ. ಇದನ್ನು ಮರೆತರೆ ಇಡೀ ಕಾರ್ಯಕ್ರಮ ಬರಿಯ ಶ್ರಮದಾನ ಶಿಬಿರದಂತೆ ಕಂಡೀತು.

ಸಮಾವೇಶದ ಇತಿಹಾಸದಲ್ಲಿ 2009ರ ನ್ಯೂ ಆರ್ಲಿಯನ್ಸ್ ಕೂಟಕ್ಕೆ ವಿಶೇಷ ಸ್ಥಾನ ಸಲ್ಲಬೇಕು. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಅಪ್ಪಳಿಸಿ, ಪ್ರವಾಹ ತಡೆಗೋಡೆಗಳು ಒಡೆದು, ನಗರದ ಸುಮಾರು ಶೇಕಡಾ 80 ಭಾಗ ನೀರಿನಲ್ಲಿ ಮುಳುಗಿತ್ತು. ಊರು ಬಿಡಲಾಗದ ಸಾವಿರಾರು ಜನ, ಅವರಲ್ಲಿ ಹೆಚ್ಚಿನವರು ಬಡ ಕಪ್ಪು ಜನಾಂಗದವರು, ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಅನ್ನ ನೀರಿಗೆ ಪರದಾಡುತ್ತ ದಿನಗಳನ್ನು ನೂಕಿದ್ದರು. ನಾಲ್ಕು ವರ್ಷಗಳ ನಂತರ ಅದೇ ಸೂಪರ್‌ಡೋಮ್‌ನಲ್ಲಿ ಸುಮಾರು 37,000 ಮಂದಿ ಆರಾಧನೆಗೆ ಕುಳಿತರು. ಹಗಲಿನಲ್ಲಿ ತಂಡ ತಂಡವಾಗಿ ಇನ್ನೂ ಚೇತರಿಸಿಕೊಳ್ಳದ ಬಡಾವಣೆಗಳಿಗೆ ಹೋದರು. ನೆರೆಯಲ್ಲಿ ಮನೆ ಕಳೆದುಕೊಂಡವರ ಮಾತನ್ನು ಅವರ ಬಾಯಿಂದಲೇ ಕೇಳುವುದು ಹದಿನಾರರ ಪ್ರಾಯದಲ್ಲಿ ಸಣ್ಣ ಅನುಭವವಲ್ಲ. 2012ರಲ್ಲಿ ಸಮಾವೇಶ ಮತ್ತೆ ಇದೇ ಊರಿಗೆ ಬಂತು. ಒಮ್ಮೆ ಬಂದು ಹೋದರೆ ಸಾಲದು ಎಂಬ ಈ ನಿರ್ಧಾರ, ಸಮಾವೇಶ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಲೈಬೀರಿಯಾದ ಲೇಮಾ ಗ್ಬೋವೀ ಆ ವರ್ಷ ಯುವಜನರನ್ನು ಉದ್ದೇಶಿಸಿ ಮಾತನಾಡಿದರು.

2015ರ ಸಮಾವೇಶಕ್ಕೆ ಆರಿಸಿಕೊಂಡ ಡೆಟ್ರಾಯಿಟ್‌ನ ನಗರಾಡಳಿತ 2013ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಅಲ್ಲಿ ಮಕ್ಕಳು ಪಾಳುಬಿದ್ದ ಮನೆಗಳ ಕಿಟಕಿ ಬಾಗಿಲುಗಳಿಗೆ ಹಲಗೆ ಹೊಡೆದರು, ಪೊದೆ ಬೆಳೆದ ನಿವೇಶನಗಳನ್ನು ಹಸನು ಮಾಡಿದರು. 2018ರ ಹ್ಯೂಸ್ಟನ್ ಕೂಟಕ್ಕೆ ಸುಮಾರು 30,000 ಮಂದಿ ಬಂದಾಗ ಆ ನಗರ ಹಾರ್ವೆ ಚಂಡಮಾರುತದ ಪೆಟ್ಟು ತಿಂದು ಒಂದು ವರ್ಷವೂ ತುಂಬಿರಲಿಲ್ಲ.

ಇಷ್ಟೊಂದು ಜನರನ್ನು ವಿಮಾನ, ಬಸ್ಸುಗಳಲ್ಲಿ ಕರೆತಂದು ಹೋಟೆಲಿನಲ್ಲಿ ಇಳಿಸುವ ಹಣವನ್ನು ನೇರವಾಗಿ ಆ ಊರಿನವರಿಗೇ ಕೊಡಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊರಗಿನವರ ಒಂದು ದಿನದ ದುಡಿಮೆಯಿಂದ ನಗರ ಬದಲಾಗುವುದಿಲ್ಲ. ವರ್ಷವಿಡೀ ದುಡಿಯುವವರು ಸ್ಥಳೀಯ ಸಂಘಸಂಸ್ಥೆಗಳ ಜನ. ಸಮಾವೇಶದ ನಿಜವಾದ ಫಲವನ್ನು ಮಕ್ಕಳು ಹಿಂದಿರುಗಿದ ಊರುಗಳಲ್ಲಿ ಹುಡುಕಬೇಕು. ಹತ್ತಾರು ಜನರಷ್ಟೇ ಸೇರುವ ಹಳ್ಳಿಯ ಸಭೆಯಲ್ಲಿ ತಾನೊಬ್ಬಳೇ ಹದಿಹರೆಯದವಳಾಗಿ ಬೆಳೆದ ಹುಡುಗಿಗೆ, ತನ್ನ ವಯಸ್ಸಿನ ಸಾವಿರಾರು ಮಂದಿಯೊಡನೆ ಪ್ರಭುಭೋಜನದಲ್ಲಿ ಪಾಲುಗೊಳ್ಳುವುದು ದೊಡ್ಡ ಧೈರ್ಯ.

ಪಯಣದ ಖರ್ಚನ್ನು ಹೊಂದಿಸುವುದೂ ಸಿದ್ಧತೆಯ ಭಾಗ. ಕಾರು ತೊಳೆದು, ತಿಂಡಿ ಮಾರಿ, ಚರ್ಚಿನ ಅಡುಗೆಮನೆಯಲ್ಲಿ ಸಹಾಯಾರ್ಥ ಊಟ ಬಡಿಸಿ ಮಕ್ಕಳು ಹಣ ಕೂಡಿಸುತ್ತಾರೆ. ಸಭೆಯ ಹಿರಿಯರೂ ಕೈಜೋಡಿಸುತ್ತಾರೆ.

ಇಎಲ್‌ಸಿಎ ಸದಸ್ಯರಲ್ಲಿ ಬಹುಪಾಲು ಬಿಳಿಯರು, ಜರ್ಮನ್ ಮತ್ತು ಸ್ಕ್ಯಾಂಡಿನೇವಿಯನ್ ಮೂಲದವರು. ಉಳಿದವರು ಈ ಮಹಾಕೂಟದಲ್ಲಿ ಕಳೆದುಹೋಗಬಾರದೆಂದು ಬೇರೆ ಬೇರೆ ಜನಾಂಗ, ಭಾಷೆಗಳ ಯುವಜನರಿಗಾಗಿ ಸಮಾವೇಶಕ್ಕೆ ಮೊದಲೇ ನಾಯಕತ್ವ ಶಿಬಿರವೊಂದು ನಡೆಯುತ್ತದೆ. ಅಂಗವಿಕಲ ಯುವಜನರಿಗಾಗಿ ಇರುವ ಶಿಬಿರದ ಹೆಸರು ‘ದ ಟೇಬಲ್’.

ಮಿನಿಯಾಪೊಲಿಸ್‌ನಲ್ಲಿ 2021ಕ್ಕೆ ಗೊತ್ತಾಗಿದ್ದ ಸಮಾವೇಶ ಕೋವಿಡ್‌ನಿಂದಾಗಿ ಮರುವರ್ಷಕ್ಕೆ ಮುಂದೆ ಹೋಗಿ, ಕೊನೆಗೆ ರದ್ದಾಯಿತು. ಆರು ವರ್ಷಗಳ ಬಿಡುವಿನ ಬಳಿಕ 2024ರ ಜುಲೈನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸೇರಿದವರು ಸುಮಾರು 16,000. ಸ್ಥಾಪನೆಯ ಕಾಲಕ್ಕೆ 50 ಲಕ್ಷ ಮೀರಿದ್ದ ಇಎಲ್‌ಸಿಎ ಸದಸ್ಯಬಲ ಅಷ್ಟರಲ್ಲಿ 30 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ನ್ಯೂ ಆರ್ಲಿಯನ್ಸ್‌ಗೆ ಇದು ನಾಲ್ಕನೆಯ ಸಮಾವೇಶ. ಅಲ್ಲಿಯವರೆಗೆ ಬೇರೆ ಯಾವ ನಗರವೂ ಇಷ್ಟು ಬಾರಿ ಆತಿಥ್ಯ ವಹಿಸಿರಲಿಲ್ಲ.