ದಿ ಚಾರಿಯಟ್ (ಎಮಿಲಿ ಡಿಕಿನ್ಸನ್ ಕವಿತೆ)

ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ (1830–1886) ಸುಮಾರು 1863ರಲ್ಲಿ ಬರೆದ, ಸಾವನ್ನು ಕುರಿತ ಕವಿತೆ. ನಾಲ್ಕು ಸಾಲಿನ ಆರು ಪದ್ಯಗಳಿವೆ. ಸಾವು ಇಲ್ಲಿ ಸಭ್ಯ ಗೃಹಸ್ಥನಾಗಿ ಸಾರೋಟಿನಲ್ಲಿ ಬಂದು ನಿರೂಪಕಿಯನ್ನು ಹತ್ತಿಸಿಕೊಂಡು ಹೋಗುತ್ತದೆ. ಸತ್ತು ಶತಮಾನಗಳಾದ ಮೇಲೆ ಅವಳು ಆ ಪಯಣವನ್ನು ನೆನೆದು ಹೇಳುತ್ತಾಳೆ.

ಪಠ್ಯ

ಡಿಕಿನ್ಸನ್ ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್‌ನಲ್ಲಿ ಹುಟ್ಟಿ ಅಲ್ಲಿಯೇ ತೀರಿಕೊಂಡರು. ಅವರು ಬರೆದ ಸುಮಾರು 1,800 ಕವಿತೆಗಳಲ್ಲಿ ಅವರ ಜೀವಿತಕಾಲದಲ್ಲಿ ಅಚ್ಚಾದವು ಹತ್ತರ ಆಸುಪಾಸು. ಈ ಕವಿತೆ ಬೆಳಕು ಕಂಡದ್ದು 1890ರಲ್ಲಿ, ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಸಂಪಾದಿಸಿದ ಮೊದಲ ಸಂಕಲನದಲ್ಲಿ. ಕವಯಿತ್ರಿ ಹೆಸರಿಟ್ಟಿರಲಿಲ್ಲ, ‘ದಿ ಚಾರಿಯಟ್’ ಎಂಬುದು ಸಂಪಾದಕರು ಕೊಟ್ಟ ಹೆಸರು. ಅವರು ನಾಲ್ಕನೆಯ ಪದ್ಯವನ್ನು ಕೈಬಿಟ್ಟರು, ಕೆಲವು ಸಾಲುಗಳನ್ನೂ ತಿದ್ದಿದರು. ಮೂಲರೂಪ ಥಾಮಸ್ ಜಾನ್ಸನ್ ಅವರ 1955ರ ಆವೃತ್ತಿಯಲ್ಲಿ ಮರಳಿತು. ಅದರಲ್ಲಿ ಇದರ ಸಂಖ್ಯೆ 712. ರಾಲ್ಫ್ ಫ್ರಾಂಕ್ಲಿನ್ ಅವರ 1998ರ ಆವೃತ್ತಿಯಲ್ಲಿ 479.

ಪ್ರತಿಮೆಗಳು

ಸಾವಿನ ವರ್ಣನೆಯಲ್ಲಿ ರೂಢಿಯಾಗಿದ್ದ ಎಲುಬುಗೂಡು, ಕುಡುಗೋಲು, ಗೋಳಾಟ ಇಲ್ಲಿಲ್ಲ. ಬಂದವನು ಮರ್ಯಾದಸ್ಥ, ಅವನಿಗೆ ಅವಸರವಿಲ್ಲ. ಸಾರೋಟಿನಲ್ಲಿ ಮೂರನೆಯದಾಗಿ ಕುಳಿತಿರುವುದು ಅಮರತ್ವ. ಮದುವೆಯಾಗದ ಹೆಣ್ಣು ಗಂಡಸಿನೊಡನೆ ಹೊರಗೆ ಹೊರಟರೆ ಹಿರಿಯರೊಬ್ಬರು ಜೊತೆಗಿರಬೇಕೆಂಬುದು ಆ ಕಾಲದ ವಾಡಿಕೆ. ಅಮರತ್ವಕ್ಕೆ ಆ ಸ್ಥಾನ ಸಂದಿದೆ ಎಂಬ ಓದು ಪ್ರಚಲಿತವಾಗಿದೆ.

ದಾರಿಯಲ್ಲಿ ಮೂರು ನೋಟಗಳು: ಆಟದ ವೇಳೆಯ ಶಾಲಾಮಕ್ಕಳು, ತೆನೆ ತುಂಬಿದ ಹೊಲ, ಮುಳುಗುವ ಸೂರ್ಯ. ಇವು ಬಾಲ್ಯ, ಪ್ರೌಢತೆ, ಮುಪ್ಪುಗಳೆಂದು ಸುಲಭವಾಗಿ ಹೊಂದುತ್ತವೆ. ಆದರೆ ನಾಲ್ಕನೆಯ ಪದ್ಯದಲ್ಲಿ ನಿರೂಪಕಿ ತನ್ನ ಮಾತನ್ನೇ ತಿದ್ದಿಕೊಳ್ಳುತ್ತಾಳೆ: ಸೂರ್ಯನನ್ನು ತಾವು ದಾಟಿದ್ದಲ್ಲ, ಸೂರ್ಯನೇ ತಮ್ಮನ್ನು ದಾಟಿ ಹೋದ. ಅಲ್ಲಿಂದ ಇಬ್ಬನಿ, ನಡುಕ, ಚಳಿ. ಮೈಮೇಲಿರುವುದು ತೆಳು ಬಟ್ಟೆ. ಅದು ಮದುವಣಗಿತ್ತಿಯ ಉಡುಪೂ ಹೌದು, ಹೆಣಕ್ಕೆ ಹೊದಿಸಿದ್ದೂ ಹೌದು. ಕೊನೆಗೆ ಸಾರೋಟು ತಂಗುವ ‘ಮನೆ’ ನೆಲದಲ್ಲಿ ಉಬ್ಬಿದ ದಿಬ್ಬ, ಅದರ ಸೂರು ಕಂಡೂ ಕಾಣದಂತಿದೆ.

ಭಾಷೆ ಮತ್ತು ಲಯ

ಕವಿತೆಯ ಬಲವಿರುವುದು ಹೇಳದೆ ಬಿಟ್ಟದ್ದರಲ್ಲಿ. ಸಾವು ಎಂಬ ಶಬ್ದ ಮೊದಲ ಸಾಲಿನಲ್ಲಿ ಒಮ್ಮೆ ಬಂದು ಮುಂದೆ ಬರಿಯ ಸರ್ವನಾಮವಾಗುತ್ತದೆ. ಸಮಾಧಿ ಎಂಬ ಶಬ್ದ ಬರುವುದೇ ಇಲ್ಲ. ಭೂತಕಾಲದಲ್ಲಿ ಸಾಗಿದ ಕಥನ ಕೊನೆಯ ಪದ್ಯದಲ್ಲಿ ವರ್ತಮಾನವನ್ನು ಮುಟ್ಟುತ್ತದೆ. ಕುದುರೆಗಳ ಮೋರೆ ಅನಂತದ ಕಡೆಗಿದೆ ಎಂದು ತನಗೆ ಹೊಳೆದ ಆ ದಿನ ಆಮೇಲಿನ ಶತಮಾನಗಳಿಗಿಂತ ದೀರ್ಘವಾಗಿತ್ತು ಎಂದು ಅವಳಿಗೆ ಅನಿಸುತ್ತದೆ. ಅಲ್ಲಿಗೆ ತಲುಪಿದಳೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕವಿತೆ ಪೂರ್ಣವಿರಾಮವಿಲ್ಲದೆ, ಅಡ್ಡಗೆರೆಯೊಂದಿಗೆ ನಿಲ್ಲುತ್ತದೆ.

ಲಯ ಪ್ರೊಟೆಸ್ಟೆಂಟ್ ಪ್ರಾರ್ಥನಾ ಗೀತೆಗಳದು: ಎಂಟು, ಆರು ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬರುತ್ತವೆ. ಸೂರ್ಯ ದಾಟಿಹೋಗುವ ಪದ್ಯದಲ್ಲಿ ಮಾತ್ರ ಈ ಕ್ರಮ ತಪ್ಪಿ ಆರಕ್ಷರದ ಸಾಲು ಮೊದಲಿಗೆ ಬರುತ್ತದೆ. ಅರ್ಥ ತಿರುಗುವೆಡೆ ಲಯವೂ ತಿರುಗುತ್ತದೆ. ಅಂತ್ಯಪ್ರಾಸಗಳು ಹಲವೆಡೆ ಅರೆಬರೆ. ಐದನೆಯ ಪದ್ಯದಲ್ಲಿ ‘ನೆಲ’ ಎಂಬರ್ಥದ ಒಂದೇ ಶಬ್ದ ಎರಡು ಸಲ ಪ್ರಾಸಸ್ಥಾನದಲ್ಲಿ ಬಂದು, ಮಣ್ಣಿನಾಚೆಗೆ ದಾರಿಯಿಲ್ಲವೆಂಬ ಭಾವ ಹುಟ್ಟಿಸುತ್ತದೆ. 1890ರ ಸಂಪಾದಕರು ಇದನ್ನು ದೋಷವೆಂದು ಬಗೆದವರಂತೆ ಬೇರೆ ಶಬ್ದ ಹಾಕಿದ್ದರು.

ವಿಮರ್ಶೆ ಮತ್ತು ಪ್ರಭಾವ

ಕವಿ–ವಿಮರ್ಶಕ ಅಲೆನ್ ಟೇಟ್ 1932ರಲ್ಲಿ ಇದನ್ನು ಇಂಗ್ಲಿಷಿನ ಶ್ರೇಷ್ಠ ಕವಿತೆಗಳ ಸಾಲಿನಲ್ಲಿರಿಸಿದರು. ಸಾವಿಗೆ ಅಂಜದ ಸಮಾಧಾನ ಇಲ್ಲಿದೆ ಎಂಬುದು ಒಂದು ಓದು. ಸೌಜನ್ಯ ತೋರಿ ಮಣ್ಣಿಗಿಳಿಸಿದ ವಂಚನೆಯ ಕಥೆ ಎಂಬುದು ಇನ್ನೊಂದು. ಸಂಗೀತ ಸಂಯೋಜಕ ಆರನ್ ಕೋಪ್ಲಂಡ್ ಡಿಕಿನ್ಸನ್ನರ ಹನ್ನೆರಡು ಕವಿತೆಗಳಿಗೆ ರಾಗ ಹಾಕಿ 1950ರಲ್ಲಿ ಮುಗಿಸಿದ ಗೀತಮಾಲೆಯಲ್ಲಿ ಇದು ಕೊನೆಯದು. ಅವರ ಮುಂದಿದ್ದದ್ದು ತಿದ್ದಿದ ಹಳೆಯ ಪಠ್ಯವಾದ್ದರಿಂದ ಆ ಹಾಡಿನಲ್ಲಿ ನಾಲ್ಕನೆಯ ಪದ್ಯವಿಲ್ಲ.